ದೇವರಿಗೆ ಸಿನಿಮಾ ತೋರಿಸುವ ತಿಯಾಂಸಿಂಗ್

ತಿಯಾಂಸಿಂಗನ ಸಿನಿಮಾಕ್ಕೆ ಜನ ಬರುವುದಿಲ್ಲ. ಬರಲಿಲ್ಲವಲ್ಲ ಎಂದು ಅವನು ಕೊರಗಿದವನೂ ಅಲ್ಲ. ಅವನು ತೋರಿಸುವುದು ದೇವರಿಗೆ. ತುವಾಲಿಯಾವ್ ಊರಿನಿಂದ ಹಿಡಿದು ಹಳೆಯ ಉಪ್ಪಿನ ಗದ್ದೆ ದಾಟಿ ಸಮುದ್ರದ ದಂಡೆಯವರೆಗೆ ಎಷ್ಟು ಗುಡಿಗಳಿವೆಯೋ ಅಷ್ಟೂ ಗುಡಿಗಳ ಅಂಗಳದಲ್ಲಿ ಮೂವತ್ತೆಂಟು ವರ್ಷದಿಂದ ಬಿಳಿ ಪರದೆ ಕಟ್ಟುತ್ತ ಬಂದಿದ್ದಾನೆ. ಪರದೆಯ ಮುಖ ಗುಡಿಯ ಬಾಗಿಲಿಗೆ, ಬೆನ್ನು ರಸ್ತೆಗೆ. ದಾರಿಹೋಕರಿಗೆ ಬಟ್ಟೆಯ ಹಿಂದಿನಿಂದ ಎಡಗೈ ಬಲಗೈ ಅದಲುಬದಲಾಗಿ ಕಾಣುತ್ತದೆ. ಅದಕ್ಕಿಂತ ಹೆಚ್ಚಿಗೆ ಬೇಕೆಂದು ಯಾರೂ ಕೇಳಿದ್ದಿಲ್ಲ.

ಯಾರದೋ ಮಗಳಿಗೆ ಹೆರಿಗೆ ಸುಸೂತ್ರವಾಗಲಿ ಎಂದು ಮೂರು ಸಿನಿಮಾ ಹರಕೆ, ಯಾರದೋ ಮೀನಿನ ಕೊಳಕ್ಕೆ ರೋಗ ತಗಲದಿರಲಿ ಎಂದು ಐದು. ಹರಕೆ ಹೊತ್ತವರು ಊದುಬತ್ತಿ ಹಚ್ಚಿ, ಕೈಮುಗಿದು, ಮನೆಗೆ ಹೋಗಿ ಟಿವಿ ಹಾಕಿಕೊಂಡು ಕೂರುತ್ತಾರೆ. ಅಂಗಳದಲ್ಲಿ ಉಳಿಯುವುದು ತಿಯಾಂಸಿಂಗ್, ಒಂದೆರಡು ನಾಯಿ, ಒಳಗೆ ಕಣ್ಣು ಬಿಟ್ಟುಕೊಂಡು ಕುಳಿತ ದೇವರು.

ಈ ಕಸುಬು ಅವನಿಗೆ ಬಂದದ್ದು ಸೋದರಮಾವನಿಂದ. ಆಗ ಜನ ಇರುವೆ ಮುತ್ತಿದಂತೆ ಮುತ್ತುತ್ತಿದ್ದರು. ಒಂದೇ ಸಿನಿಮಾದ ಸುರುಳಿಗಳನ್ನು ಎರಡು ಊರಿನಲ್ಲಿ ಒಂದೇ ಸಂಜೆ ತೋರಿಸುವುದು ವಾಡಿಕೆ. ಈ ಊರಿನಲ್ಲಿ ಸುರುಳಿ ಮುಗಿದ ಕೂಡಲೇ ತಿಯಾಂಸಿಂಗ್ ಅದನ್ನು ಬೈಕಿಗೆ ಬಿಗಿದುಕೊಂಡು ಆ ಊರಿಗೆ ಓಡಬೇಕು. ಒಂದು ಸಲ ಕೊನೆಯ ಸುರುಳಿಯ ಜೊತೆ ಬೈಕು ಸಮೇತ ಮೀನಿನ ಕೊಳಕ್ಕೆ ಬಿದ್ದ. ಎದೆಮಟ್ಟ ನೀರಿನಲ್ಲಿ ಸುರುಳಿಯ ಡಬ್ಬಿಯನ್ನು ತಲೆಯ ಮೇಲೆ ಹೊತ್ತು ನಿಂತಿದ್ದನಂತೆ, ಕಾಲ ಹತ್ತಿರ ಮೀನು ಮುತ್ತುತ್ತಿದ್ದವಂತೆ. ಆ ಊರಿನವರಿಗೆ ಸಿನಿಮಾದಲ್ಲಿ ಕೊಲೆ ಮಾಡಿದವನು ಯಾರೆಂದು ಗೊತ್ತಾಗಲೇ ಇಲ್ಲ. ಇವತ್ತಿಗೂ ಅಲ್ಲಿನ ಮುದುಕರು ಸಿಕ್ಕರೆ, ಈಗಲಾದರೂ ಹೇಳಪ್ಪ, ಕೊಂದವನು ಯಾರು ಎಂದು ಕೇಳುತ್ತಾರೆ. ಅವನು ಹೇಳುವುದಿಲ್ಲ. ಹೇಳಿದರೆ ಮಾತಾಡಿಸುವುದನ್ನೇ ಬಿಟ್ಟುಬಿಟ್ಟಾರು ಎಂಬ ಭಯ.

ಸುರುಳಿಗಳ ಕಾಲ ಮುಗಿದ ಮೇಲೆ ಕಂಪ್ಯೂಟರ್ ಬಂತು. ಹನ್ನೆರಡು ವರ್ಷದ ಹಿಂದೆ ಕೊಂಡ ಕರೀ ಪೆಟ್ಟಿಗೆ. ಅದನ್ನು ನೀಲಿ ಲಾರಿಯ ಹಿಂಬದಿಯಲ್ಲಿ ಹಳೆಯ ರಜಾಯಿಯ ಮೇಲೆ ಕೂರಿಸಿ, ಹಗ್ಗದಲ್ಲಿ ಬಿಗಿದು, ಅಲ್ಲಿಂದ ಬೆಳಕು ಬಿಡುವ ಯಂತ್ರಕ್ಕೆ ವೈರು ಎಳೆದಿದ್ದ. ಮೊದಮೊದಲು ಚೆನ್ನಾಗಿಯೇ ಓಡಿತು. ಆಮೇಲೆ ಸಿನಿಮಾ ಬಾಡಿಗೆಗೆ ಕೊಡುವವನು ದಪ್ಪ ದಪ್ಪ ಫೈಲಿನ ಸಿನಿಮಾ ಕೊಡತೊಡಗಿದ. ಇದರ ಹೊಟ್ಟೆಗೆ ಅದು ಜೀರ್ಣವಾಗಲಿಲ್ಲ. ಕುದುರೆ ಓಡಿದರೆ ತಲೆ ಮುಂದೆ ಹೋಗಿ ದೇಹ ಆಮೇಲೆ ಬರುತ್ತಿತ್ತು. ಕತ್ತಿವರಸೆಯಲ್ಲಿ ಕೈ ಒಂದು ಕಡೆ, ಕತ್ತಿ ಒಂದು ಕಡೆ. ಸತ್ತವನು ಬಿದ್ದು ಎಷ್ಟೋ ಹೊತ್ತಾದ ಮೇಲೆ ಚೀರುತ್ತಿದ್ದ. ತಿಯಾಂಸಿಂಗನಿಗೆ ಇದೆಲ್ಲ ಗೊತ್ತಿತ್ತು. ದೂರು ಹೇಳುವವರು ಇಲ್ಲದ ಮೇಲೆ ಅವನೂ ಲಾರಿಯ ಮಗ್ಗುಲಲ್ಲಿ ಕುರ್ಚಿ ಹಾಕಿಕೊಂಡು ತೂಕಡಿಸಲು ಕಲಿತ.

ಈ ವರ್ಷ ಚಳಿ ಕಳೆದ ಮೇಲೆ ತುವಾಲಿಯಾವ್ ಗುಡಿಯಲ್ಲಿ ಒಂದು ದೊಡ್ಡ ಹರಕೆ ಬಂತು. ಕಡಲಲ್ಲಿ ಸಿಂಪಿ ಬೆಳೆಯುವ ಆತೋ ಅಕ್ಕನ ಗಂಡನಿಗೆ ಹೊಟ್ಟೆಯಲ್ಲಿ ಕಲ್ಲಾಗಿ, ಕೊಯ್ದು ತೆಗೆಯಬೇಕು ಎಂದಿದ್ದರು. ಕೊಯ್ಯುವ ಹಿಂದಿನ ದಿನ ಕಲ್ಲು ತಾನಾಗಿಯೇ ಹೊರಬಿತ್ತು. ಮನೆಯಿಂದ ಹೊರಟಾಗ ಆಕೆಯ ಮಾತಿನಲ್ಲಿ ಶೇಂಗಾಬೀಜದಷ್ಟಿದ್ದ ಕಲ್ಲು ಗುಡಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಕೋಳಿಮೊಟ್ಟೆಯಷ್ಟಾಗಿತ್ತು. ಹರಕೆಯೂ ಕಲ್ಲಿನ ಗಾತ್ರಕ್ಕೆ ತಕ್ಕಂತೆ ಮೂವತ್ತು ಸಿನಿಮಾ.

ಆ ಗುಡಿಯಲ್ಲಿ ಮೂವರು ಓಂಗ್ಯಾ ದೇವರು, ಅಣ್ಣತಮ್ಮಂದಿರು. ದೊಡ್ಡವರು ನಡುವೆ, ತಮ್ಮಂದಿರು ಆಚೆ ಈಚೆ. ಮೂವರಲ್ಲೂ ಮೂಗಿನ ತುದಿಯಲ್ಲೇ ಕೋಪ ಇರುವವರು ಮೂರನೆಯ ಓಂಗ್ಯಾ. ಆತೋ ಅಕ್ಕನ ಹರಕೆ ಅವರಿಗೇ.

ತಿಯಾಂಸಿಂಗ್ ಎರಡು ಸಂಜೆ ಸಿನಿಮಾ ತೋರಿಸಿದ. ಮೂರನೆಯ ದಿನ ಬೆಳಿಗ್ಗೆ, ದೇವರಿಗೆ ಒಪ್ಪಿಗೆಯಾಯಿತೇ ಎಂದು ಕೇಳುವುದು ಪದ್ಧತಿ. ಅರ್ಧಚಂದ್ರದ ಹಾಗಿರುವ ಎರಡು ಕೆಂಪು ಮರದ ಬಿಲ್ಲೆಗಳನ್ನು ಕೈಯಲ್ಲಿ ಹಿಡಿದು, ಪ್ರಶ್ನೆ ಹೇಳಿ ನೆಲಕ್ಕೆ ಬಿಡಬೇಕು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ದೇವರು ಹೂಂ ಎಂದ ಹಾಗೆ. ಎರಡೂ ಬೋರಲು ಬಿದ್ದರೆ ಉಹೂಂ. ಎರಡೂ ಅಂಗಾತ ಬಿದ್ದರೆ ದೇವರು ನಕ್ಕರು ಎಂದರ್ಥ. ಮೂರು ಸಲ ಸಾಲಾಗಿ ಹೂಂ ಬಂದರೆ ಮಾತು ಮುಗಿಯಿತು. ಮೂವತ್ತೆಂಟು ವರ್ಷದಲ್ಲಿ ತಿಯಾಂಸಿಂಗನಿಗೆ ಇದು ಬರೀ ಶಾಸ್ತ್ರ. ಬಿಲ್ಲೆ ಬೀಳುವಾಗ ಅವನು ಹಗ್ಗ ಸುತ್ತುತ್ತಿರುತ್ತಿದ್ದ.

ಅವತ್ತು ಗುಡಿಯ ಅಧ್ಯಕ್ಷ ಲೋ ಬೂನ್‌ಹಾಯ್ ಬಿಲ್ಲೆ ಬಿಟ್ಟ. ಉಹೂಂ. ಇನ್ನೊಮ್ಮೆ ಬಿಟ್ಟ. ಉಹೂಂ. ಮೂರನೆಯ ಸಲ ದೇವರು ನಕ್ಕರು. ತಿಯಾಂಸಿಂಗನ ಕೈಯ ಹಗ್ಗ ಅಲ್ಲೇ ನಿಂತಿತು.

ಆಮೇಲೆ ಒಂದೊಂದಾಗಿ ಕೇಳಿದರು. ಕಥೆ ಹಿಡಿಸಲಿಲ್ಲವೇ? ಉಹೂಂ, ಕಥೆಯಲ್ಲ. ಸದ್ದು ಜಾಸ್ತಿಯಾಯಿತೇ? ಅಲ್ಲ. ಸಿನಿಮಾಕ್ಕೆ ಮೊದಲು ತೋರಿಸಬೇಕಾದ ಎಂಟು ಸಿದ್ಧಪುರುಷರ ಮಂಗಳ ದೃಶ್ಯದಲ್ಲಿ ಲೋಪವಾಯಿತೇ? ಅದೂ ಅಲ್ಲ. ಆತೋ ಅಕ್ಕ ತನ್ನ ಗಂಡನೇ ಏನಾದರೂ ತಪ್ಪು ಮಾಡಿರಬೇಕು ಎಂದು ಅದನ್ನೂ ಕೇಳಿಸಿದಳು; ದೇವರು ನಕ್ಕರು. ಕೊನೆಗೆ ಅಧ್ಯಕ್ಷ, ಚಿತ್ರ ಸರಿಯಾಗಿ ಕಾಣಿಸುತ್ತಿಲ್ಲವೇ ಎಂದು ಕೇಳಿದ. ಹೂಂ. ಹೂಂ. ಹೂಂ. ಮೂರೂ ಬಿಲ್ಲೆಯೇಟು ಗುಂಡು ಹೊಡೆದ ಹಾಗೆ.

ಕುದುರೆಯ ತಲೆ ಮುಂದೆ ದೇಹ ಹಿಂದೆ ಹೋಗುವುದನ್ನು ಇಷ್ಟು ವರ್ಷ ತಾನೊಬ್ಬನೇ ನೋಡುತ್ತಿದ್ದೇನೆ ಎಂದು ತಿಯಾಂಸಿಂಗ್ ಅಂದುಕೊಂಡಿದ್ದ. ಇನ್ನೊಬ್ಬರೂ ನೋಡುತ್ತಿದ್ದರು.

ಲೋ ಬೂನ್‌ಹಾಯ್ ಹೊರಗೆ ಬಂದು ಗುಡಿಯ ಮುಂದಿನ ಹೊಸ ಮಂಟಪದ ಕಂಬಕ್ಕೆ ಒರಗಿ ನಿಂತ. ಅದು ಅವನದೇ ಕಂಬ. ಹೋದ ಚಳಿಗಾಲದಲ್ಲಿ ಮಂಟಪ ಕಟ್ಟಿಸಿದಾಗ ಆರು ಕಂಬಕ್ಕೆ ಆರು ದಾನಿಗಳೆಂದು ನಿಶ್ಚಯವಾಗಿತ್ತು. ಕಂಬ ಹಂಚುವ ದಿನ ಅಧ್ಯಕ್ಷ ಯಾರದೋ ಮದುವೆಯ ಊಟಕ್ಕೆ ಹೋಗಿದ್ದ. ಬರುವಷ್ಟರಲ್ಲಿ ಆರೂ ಕಂಬಕ್ಕೆ ಹೆಸರು ಬಿದ್ದಿತ್ತು. ಅಧ್ಯಕ್ಷನಿಗೇ ಕಂಬವಿಲ್ಲದಿದ್ದರೆ ಊರು ನಗುತ್ತದೆ ಎಂದು ಏಳನೆಯದನ್ನು ಎಬ್ಬಿಸಿದರು. ಡ್ರ್ಯಾಗನ್ ಸುತ್ತಿಕೊಂಡ, ಬಂಗಾರದ ಬಣ್ಣದ ದಪ್ಪ ಕಂಬ. ಹೆಸರು ಜನಕ್ಕಿಂತ ದೇವರಿಗೆ ಕಾಣಲಿ ಎಂದು ಒಳಮುಖವಾಗಿ ಕೆತ್ತಿಸಿದ್ದ.

"ನೋಡು ತಿಯಾಂಸಿಂಗ್, ನನಗೇನೂ ನಿನ್ನ ಮೇಲೆ ದ್ವೇಷ ಇಲ್ಲ," ಎಂದ. "ಐದು ದಿನ ಪರದೆ ಕಟ್ಟಬೇಡ. ಅದೇನು ರಿಪೇರಿ ಮಾಡಿಸ್ತೀಯೋ ಮಾಡಿಸು. ಆರನೇ ಸಂಜೆ ತೋರಿಸು, ಮಾರನೇ ಬೆಳಿಗ್ಗೆ ಮತ್ತೆ ಕೇಳೋಣ. ಬೇಡ ಅಂದ್ರೆ ಉಳಿದಿದ್ದನ್ನ ನಮ್ಮ ಭಾವಮೈದನಿಗೆ ಕೊಡ್ತೀನಿ. ಅವನ ಲಾರೀಲಿ ದೀಪ ಇದೆ, ಕುಣಿಯೋ ಹುಡುಗೀರಿದಾರೆ, ಹಾಡೂ ಇದೆ."

"ಓಂಗ್ಯಾಗೆ ಹುಡುಗೀರ ಕುಣಿತವಾ?"

"ಇಷ್ಟು ವರ್ಷ ನಿನ್ನನ್ನ ಸಹಿಸ್ಕೊಂಡಿಲ್ವ?"

ಇಪ್ಪತ್ತೆಂಟು ಸಿನಿಮಾ ಹೋಗುವುದಷ್ಟೇ ಆಗಿದ್ದರೆ ತಿಯಾಂಸಿಂಗ್ ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ಓಂಗ್ಯಾ ದೇವರೇ ತಿಯಾಂಸಿಂಗನನ್ನು ಒಲ್ಲೆ ಎಂದರು ಎಂಬ ಸುದ್ದಿ ಒಮ್ಮೆ ಹಬ್ಬಿತೆಂದರೆ ಈ ಕರಾವಳಿಯ ಯಾವ ದೇವರು ಅವನನ್ನು ಕರೆಯುತ್ತಾರೆ? ಅರವತ್ತೆರಡಕ್ಕೆ ಅವನಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಸಿಯುಕಿಮ್ ಮೀನಿನ ಗಂಜಿ ಬಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ನಿನ್ನ ಸಿನಿಮಾ ನೋಡಿ ಮರದ ಕಣ್ಣಿಗೂ ನೋವು ಬಂತು ಅನ್ನು ಎಂದಳು. ಆಮೇಲೆ ಅವನ ಬಟ್ಟಲಿಗೆ ಇನ್ನೊಂದು ತುಂಡು ಮೀನು ಹಾಕಿದಳು.

ಮಾರನೆಯ ದಿನ ಪೆಟ್ಟಿಗೆಯನ್ನು ರಜಾಯಿಯಲ್ಲಿ ಸುತ್ತಿಕೊಂಡು ಜಿಯಾಯಿ ಪಟ್ಟಣಕ್ಕೆ ಹೋದ. ಅಲ್ಲಿ ಹಳೆಯ ಮಾರುಕಟ್ಟೆಯ ಹಿಂದೆ, ಹುರಿದ ಬಾತುಕೋಳಿ ಮಾರುವವನ ಪಕ್ಕದಲ್ಲಿ ಪೇಶಾನಳ ಅಂಗಡಿ. ನಲವತ್ತು ದಾಟಿದ ಹೆಂಗಸು. ಸ್ಕ್ರೂಡ್ರೈವರನ್ನು ತುರುಬಿಗೆ ಸಿಕ್ಕಿಸಿಕೊಂಡು, ಎದುರಿಗೆ ಬಂದವರನ್ನು ಕಂಪ್ಯೂಟರಿಗಿಂತ ಮೊದಲು ರಿಪೇರಿ ಮಾಡುವ ಹಾಗೆ ನೋಡುತ್ತಿದ್ದಳು.

"ಏನಕ್ಕೆ ಬಳಸ್ತೀರಾ ದೊಡ್ಡಪ್ಪ? ಆಟ ಆಡೋಕಾ, ಲೆಕ್ಕ ಬರೆಯೋಕಾ?"

"ಸಿನಿಮಾ ತೋರ್ಸೋಕೆ."

"ಎಷ್ಟು ಜನ ನೋಡ್ತಾರೆ?"

"ಒಬ್ಬರು."

"ಪರದೆಯಿಂದ ಎಷ್ಟು ದೂರ ಕೂರ್ತಾರೆ?"

"ಒಂದು ಅಂಗಳ ದೂರ."

"ವಯಸ್ಸೆಷ್ಟು? ಕಣ್ಣು ಹೇಗಿದೆ?"

ತಿಯಾಂಸಿಂಗ್ ಬೆರಳು ಮಡಿಚಿ ಎಣಿಸಿ, ಗುಡಿ ಕಟ್ಟಿ ಮುನ್ನೂರ ಹತ್ತು ವರ್ಷ, ಅದಕ್ಕೂ ಮೊದಲಿನದು ಗೊತ್ತಿಲ್ಲ ಎಂದ. ಕಣ್ಣು ಚುರುಕಾಗಿಯೇ ಇದೆ ಎಂದು ಮೊನ್ನೆ ಗೊತ್ತಾಯಿತು ಎಂದೂ ಸೇರಿಸಿದ. ಪೇಶಾನ್ ಪೆನ್ನು ಕೆಳಗಿಟ್ಟಳು. ಎಲ್ಲವನ್ನೂ ಕೇಳಿದ ಮೇಲೆ ನಗಲಿಲ್ಲ. ಗಿರಾಕಿ ಯಾರೇ ಆಗಲಿ, ಚಿತ್ರ ಹರಿದು ಹೋಗುತ್ತಿದ್ದರೆ ಅದು ಹರಿದು ಹೋಗುತ್ತಿರುವುದೇ ಎಂದಳು.

ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲು ತಿಯಾಂಸಿಂಗ್ ಅವಳ ಕೈ ಹಿಡಿದ. ಒಳಗೆ ಓಂಗ್ಯಾ ದೇವರ ಊದುಬತ್ತಿಯ ಬೂದಿ ತುಂಬಿದ ಕೆಂಪು ಚೀಲ ಕಟ್ಟಿದ್ದ. ಕೇಳದೆ ತೆರೆಯುವ ಹಾಗಿರಲಿಲ್ಲ. ಅಂಗಿಯ ಜೇಬಿನಿಂದ ಸೋದರಮಾವ ಕೊಟ್ಟ ಸಣ್ಣ ಬಿಲ್ಲೆಗಳನ್ನು ತೆಗೆದು ಅಂಗಡಿಯ ನೆಲಕ್ಕೆ ಬಿಟ್ಟ. ಹೂಂ ಬಂತು. ಪಕ್ಕದ ಬಾತುಕೋಳಿಯವನು ಇಣುಕಿ ನೋಡಿ, ಇವಳ ಅಂಗಡಿಗೆ ದೇವರನ್ನು ಕೇಳಿಯೇ ಬರಬೇಕು, ಅದು ಸರಿ ಎಂದು ಹೇಳಿ ಹೋದ.

ಒಳಗೆ ಪಟಾಕಿಯ ಕೆಂಪು ಚೂರು, ಊದುಬತ್ತಿಯ ಬೂದಿ, ಸಿಂಪಿಯ ಸುಣ್ಣದ ಧೂಳು ಗೇಣುದ್ದ ಕೂತಿತ್ತು. ಮೆಮೊರಿ ಕೂರಿಸುವ ಎರಡು ಸೀಳುಗಳಲ್ಲಿ ಒಂದರಲ್ಲಿ ಮೆಮೊರಿ ಇತ್ತು, ಇನ್ನೊಂದರಲ್ಲಿ ಹಲ್ಲಿಯ ಎರಡು ಮೊಟ್ಟೆ. ಪೇಶಾನ್ ಮೊಟ್ಟೆಗಳನ್ನು ಹತ್ತಿಯ ಮೇಲೆ ಎತ್ತಿಟ್ಟು ತನ್ನ ಕಿಟಕಿಯಲ್ಲಿ ಇರಿಸಿದಳು. ಹಲ್ಲಿ ಇದ್ದ ಜಾಗಕ್ಕೂ ಮೆಮೊರಿ ಹಾಕಬಹುದಿತ್ತಲ್ಲ ದೊಡ್ಡಪ್ಪ, ಹನ್ನೆರಡು ವರ್ಷ ಒಂದೇ ಕಾಲಲ್ಲಿ ಓಡಿಸಿದ್ದೀರಿ ಎಂದಳು.

ಈ ಪೆಟ್ಟಿಗೆಗೆ ಹೊಸ ಕಾಲದ ಮೆಮೊರಿ ಕೂರುವುದಿಲ್ಲ, ನಡುವಿನ ಕಚ್ಚು ಬೇರೆ ಕಡೆ ಇರುತ್ತದೆ, ಬಲವಂತ ಮಾಡಿದರೆ ಎರಡೂ ಹಾಳು ಎಂದು ಅವಳು ತೋರಿಸಿದಳು. ಹಳೆಯ ಸಾಮಾನಿನ ಡಬ್ಬ ತಡಕಿ ಹಳೆಯ ಬಗೆಯದೇ ಎರಡು ದೊಡ್ಡ ಪಟ್ಟಿ ತೆಗೆದು, ರಬ್ಬರಿನಲ್ಲಿ ಅವುಗಳ ಬಂಗಾರದ ಹಲ್ಲು ಉಜ್ಜಿ, ಎರಡು ಬದಿಯ ಚಿಲಕ ಟಕ್ ಎನ್ನುವವರೆಗೆ ಹೆಬ್ಬೆರಳಿನಲ್ಲಿ ಒತ್ತಿದಳು. ಗ್ರಾಫಿಕ್ಸ್ ಕಾರ್ಡಿನದು ಇನ್ನೊಂದು ತಕರಾರು. ದೊಡ್ಡ ಕಾರ್ಡಿಗೆ ಬೇರೆಯಾಗಿ ಕರೆಂಟು ಕೊಡಬೇಕು, ಈ ಮುದಿ ಪೆಟ್ಟಿಗೆಗೆ ಅಷ್ಟು ಉಸಿರಿಲ್ಲ. ಆದ್ದರಿಂದ ಒಂದೇ ಫ್ಯಾನಿನ, ಸೀಳಿನಿಂದಲೇ ಕರೆಂಟು ಕುಡಿಯುವ ಚಿಕ್ಕದನ್ನು ಹುಡುಕಿ ತಂದಳು. ಸೀಳಿಗೆ ಇಟ್ಟರೆ ಅದರ ಬಾಲ ಸರಿಯಾಗಿ ದೇವರ ಚೀಲಕ್ಕೆ ತಗುಲಿತು.

"ದೇವರನ್ನ ಎರಡು ಬೆರಳು ಆಚೆಗೆ ಸರಿಸಬಹುದಾ ಕೇಳಿ," ಎಂದಳು.

ಕೇಳಿದ. ದೇವರು ನಕ್ಕರು. ನಕ್ಕರೆ ಏನರ್ಥ ಎಂದು ಅವಳು ಕೇಳಿದಳು. ಪ್ರಶ್ನೆ ಸರಿಯಿಲ್ಲ ಎಂದರ್ಥ ಎಂದ. ಹಾಗಾದರೆ ಎಷ್ಟು ಬೆರಳು ಎಂದು ಕೇಳಿ ಎಂದಳು. ಮೂರು ಬೆರಳಿಗೆ ಹೂಂ ಬಂತು. ಪೇಶಾನ್ ಅಳತೆಪಟ್ಟಿ ಹಿಡಿದು ನೋಡಿದಳು. ಮೂರೇ ಬೇಕಿತ್ತು, ಎರಡು ಸಾಲುತ್ತಿರಲಿಲ್ಲ. ಆಮೇಲೆ ಆ ಕೆಂಪು ಚೀಲದ ಹತ್ತಿರ ಹೋದಾಗಲೆಲ್ಲ ಅವಳ ಕೈ ಸ್ವಲ್ಪ ಮರ್ಯಾದೆಯಿಂದ ಹೋಗುತ್ತಿತ್ತು.

ಅಲ್ಲೇ ಒಂದು ಸಿನಿಮಾ ಹಾಕಿ ನೋಡಿದರು. ತಿಯಾಂಸಿಂಗ್ ಇನ್ನೂರು ಸಲವಾದರೂ ತೋರಿಸಿದ್ದ ಹಳೆಯ ಕತ್ತಿವೀರನ ಕಥೆ. ಕುದುರೆ ಇಡಿಯಾಗಿ ಓಡಿತು, ತಲೆಯಿಂದ ಬಾಲದವರೆಗೆ ಒಟ್ಟಿಗೆ. ಮರದ ಎಲೆ ಒಂದೊಂದಾಗಿ ಕಂಡಿತು. ವೀರ ಸೇಡಿನ ಶಪಥ ಮಾಡಿ ಕತ್ತಿ ಎತ್ತಿದ. ನಿಲುವಂಗಿಯ ತೋಳು ಜಾರಿತು. ಮಣಿಕಟ್ಟಿನಲ್ಲಿ ಕೈಗಡಿಯಾರ.

"ಅದೇನದು?" ಎಂದಳು ಪೇಶಾನ್.

ತಿಯಾಂಸಿಂಗ್ ಹತ್ತಿರಕ್ಕೆ ಬಾಗಿ ನೋಡಿದ. ಸಾವಿರ ವರ್ಷದ ಹಿಂದಿನ ವೀರನ ಕೈಯಲ್ಲಿ ಗಡಿಯಾರ ಇದ್ದುದನ್ನು ಇಷ್ಟು ದಿನ ಮಸುಕು ಮುಚ್ಚಿತ್ತು. ಇನ್ನು ದೇವರು ಇದನ್ನೂ ನೋಡುತ್ತಾರಲ್ಲ ಎಂದು ಅವನಿಗೆ ಬೆವರಿತು. ಪೇಶಾನ್ ಸಮಾಧಾನ ಹೇಳಿದಳು. ದೇವರು ಒಪ್ಪದಿದ್ದರೆ ಏಳು ದಿನದೊಳಗೆ ಎಲ್ಲವನ್ನೂ ವಾಪಸು ತೆಗೆದುಕೊಳ್ಳುತ್ತೇನೆ, ಆದರೆ ನನ್ನ ಕಾರ್ಡನ್ನು ಯಾರೂ ಇದುವರೆಗೆ ಬೇಡ ಎಂದಿಲ್ಲ ಎಂದಳು.

ಆರನೆಯ ಸಂಜೆ ಪರದೆ ಕಟ್ಟಿದ. ಹನ್ನೆರಡು ವರ್ಷದ ಅಭ್ಯಾಸದಲ್ಲಿ ವೈರನ್ನು ಪೆಟ್ಟಿಗೆಯ ಹಳೆಯ ತೂತಿಗೇ ಚುಚ್ಚಿದ. ಪರದೆ ಕಪ್ಪಗೆ ನಿಂತಿತು. ಗುಡಿಯ ಬಾಗಿಲಲ್ಲಿ ಅಧ್ಯಕ್ಷ ಕೈಕಟ್ಟಿ ನಿಂತಿದ್ದ. ತಿಯಾಂಸಿಂಗ್ ಪೇಶಾನಳಿಗೆ ಫೋನು ಮಾಡಿದ. ಕೆಳಗಿರೋ ಹೊಸ ಕಾರ್ಡಿನ ತೂತಿಗೆ ಹಾಕಿ ದೊಡ್ಡಪ್ಪ, ಹೊಸ ಸೊಸೆ ಬಂದ ಮೇಲೂ ಹಳೇ ಒಲೆ ಮುಂದೆ ಕೂತರೆ ಅನ್ನ ಎಲ್ಲಿಂದ ಬರುತ್ತೆ ಎಂದಳು. ವೈರು ಬದಲಿಸಿದ. ಎಂಟು ಸಿದ್ಧಪುರುಷರು ಬಂದು ನಿಂತರು. ಒಬ್ಬೊಬ್ಬರ ಗಡ್ಡದ ಕೂದಲನ್ನೂ ಎಣಿಸಬಹುದಿತ್ತು. ಗುಡಿಯ ಕಂದು ನಾಯಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಪರದೆಯ ಕಡೆ ತಿರುಗಿದ್ದಿಲ್ಲ. ಅವತ್ತು ಕುದುರೆ ಬಂದದ್ದೇ ಎದ್ದು ನಿಂತು ಬೊಗಳಿತು. ತಿಯಾಂಸಿಂಗನಿಗೆ ಅದು ಸನ್ಮಾನದ ಹಾಗೆ ಕೇಳಿಸಿತು. ಅವತ್ತು ಅವನು ತೂಕಡಿಸಲಿಲ್ಲ.

ಬೆಳಿಗ್ಗೆ ಬಿಲ್ಲೆ ಬಿಟ್ಟರು. ಒಪ್ಪಿಗೆಯೇ? ಉಹೂಂ. ಚಿತ್ರ ಈಗ ಸರಿಯಾಗಿ ಕಾಣಿಸಿತೇ? ಉಹೂಂ. ತಿಯಾಂಸಿಂಗ್ ತಾನೇ ಮುಂದೆ ಬಂದು ಮಂಡಿಯೂರಿ, ಕೈಗಡಿಯಾರದ ವಿಷಯವೇ ಎಂದು ಮೆಲ್ಲಗೆ ಕೇಳಿದ. ದೇವರು ನಕ್ಕರು. ಯಾವ ಗಡಿಯಾರ ಎಂದು ಆತೋ ಅಕ್ಕ ಕೇಳಿದಳು. ಅವನು ಏನೂ ಇಲ್ಲ ಎಂದ.

ಅಧ್ಯಕ್ಷ ಫೋನು ಕೈಗೆತ್ತಿಕೊಂಡು ಭಾವಮೈದನ ಹೆಸರು ಹುಡುಕತೊಡಗಿದ. ಮಧ್ಯಾಹ್ನದವರೆಗೆ ತಡೆಯಿರಿ ಎಂದು ತಿಯಾಂಸಿಂಗ್ ಬೇಡಿಕೊಂಡ. ಬೇಡಿಕೊಂಡ ಎನ್ನುವುದಕ್ಕಿಂತ, ಮಂಡಿಯೂರಿದವನು ಏಳಲೇ ಇಲ್ಲ. ಆತೋ ಅಕ್ಕನಿಗೆ ಕನಿಕರವಾಯಿತು. ಹರಕೆ ನನ್ನದು, ಮಧ್ಯಾಹ್ನದವರೆಗೆ ನಾನು ಕಾಯ್ತೀನಿ, ಕಲ್ಲು ಬೀಳೋಕೂ ಮೂರು ತಿಂಗಳು ಕಾದಿದ್ದೆ ಎಂದಳು.

ಪೇಶಾನ್ ಸ್ಕೂಟರಿನಲ್ಲಿ ಬಂದಳು. ತುರುಬಿನಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು. ಬಂದವಳೇ, ಯಾರು ಬೇಡ ಅಂದಿದ್ದು ಎಂದು ಕೇಳಿದಳು. ಎಲ್ಲರೂ ಒಳಗೆ ಬೆರಳು ತೋರಿಸಿದರು. ಲಾರಿ ಹತ್ತಿ ಪೆಟ್ಟಿಗೆ ಬಿಚ್ಚಿದಳು, ಮೆಮೊರಿ ಒತ್ತಿ ನೋಡಿದಳು, ಕಾರ್ಡಿನ ಫ್ಯಾನಿಗೆ ಕಿವಿಕೊಟ್ಟಳು. ಎಲ್ಲ ಸರಿಯಿತ್ತು. ಲಾರಿಯಿಂದ ಇಳಿದು ಸೊಂಟದ ಮೇಲೆ ಕೈಯಿಟ್ಟು ಅಂಗಳವನ್ನೊಮ್ಮೆ, ಗುಡಿಯನ್ನೊಮ್ಮೆ ನೋಡಿದಳು.

"ಅವರು ಕೂತ ಜಾಗದಿಂದ ಯಾವತ್ತಾದ್ರೂ ಯಾರಾದ್ರೂ ನೋಡಿದೀರಾ?"

ಮುನ್ನೂರ ಹತ್ತು ವರ್ಷದಲ್ಲಿ ದೇವರ ಕಡೆಗೆ ಮುಖ ಮಾಡಿದವರೇ ಎಲ್ಲರೂ. ದೇವರ ಪಕ್ಕದಲ್ಲಿ ನಿಂತು ಈ ಕಡೆ ನೋಡಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಆ ಪೀಠ ಹತ್ತುವವರು ಯಾರು? ಅಧ್ಯಕ್ಷ, ಅದೆಲ್ಲ ಆಗದ ಮಾತು ಎಂದ. ದೇವರನ್ನೇ ಕೇಳಿಬಿಡಿ ಎಂದಳು ಪೇಶಾನ್. ತಿಯಾಂಸಿಂಗ್ ಜೇಬಿನ ಬಿಲ್ಲೆ ತೆಗೆದು ಬಿಟ್ಟ. ಮೊದಲ ಸಲಕ್ಕೇ ಹೂಂ. ಎರಡನೆಯದಕ್ಕೂ, ಮೂರನೆಯದಕ್ಕೂ.

ಅವಳು ಕೈಕಾಲು ತೊಳೆದು, ಸ್ಕ್ರೂಡ್ರೈವರನ್ನು ಆತೋ ಅಕ್ಕನ ಕೈಗೆ ಕೊಟ್ಟು, ಸ್ಟೂಲು ಹತ್ತಿ, ಮೂರನೆಯ ಓಂಗ್ಯಾ ದೇವರ ಕಪ್ಪು ಕೆನ್ನೆಯ ಪಕ್ಕಕ್ಕೆ ತನ್ನ ಕೆನ್ನೆ ತಂದು ನಿಲ್ಲಿಸಿದಳು. ಇಬ್ಬರೂ ಕಣ್ಣರಳಿಸಿ ಹೊರಗೆ ನೋಡಿದರು.

"ದೊಡ್ಡಪ್ಪ, ಪರದೆ ಮುಂದೆ ಈ ತುದಿಯಿಂದ ಆ ತುದಿಗೆ ನಡೀರಿ."

ತಿಯಾಂಸಿಂಗ್ ನಡೆದ.

"ಇದೀರಿ," ಎಂದಳು ಒಳಗಿನಿಂದ. "ಇದೀರಿ. ಇದೀರಿ. ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ನಡೀತಾ ಇರಿ. ಇನ್ನೂ ಇಲ್ಲ. ಹಾಂ, ಈಗ ತಲೆ ಬಂತು. ಈಗ ಹೊಟ್ಟೆ."

ಆತೋ ಅಕ್ಕ ತಾನೂ ನಡೆದು ನೋಡಿದಳು. ಅವಳೂ ನಡುವೆ ಇಲ್ಲವಾಗಿ ಆಮೇಲೆ ಬಂದಳು. ಹಾಗಾದರೆ ನಡುವೆ ಏನು ಕಾಣುತ್ತಿದೆ ಎಂದು ಅಧ್ಯಕ್ಷ ಕೇಳಿದ.

"ನೀವೇ," ಎಂದಳು ಪೇಶಾನ್. "ಲೋ ಬೂನ್‌ಹಾಯ್ ಅಂತ ದೊಡ್ಡ ಅಕ್ಷರದಲ್ಲಿ. ಕೆಳಗಡೆ ಭಕ್ತಿಪೂರ್ವಕ ಅಂತಾನೂ ಇದೆ."

ಏಳನೆಯ ಕಂಬ ನಡುವಿನ ಬಾಗಿಲಿಗೆ ನೇರವಾಗಿ ಬಂದರೆ ಗುಡಿಯ ಎದೆಗೆ ಚುಚ್ಚಿದಂತಾಗುತ್ತದೆ ಎಂದು ದಿಕ್ಕು ನೋಡುವವನು ಹೇಳಿದ್ದ. ಅದಕ್ಕೇ ಅದನ್ನು ಓರೆಗೆ ಸರಿಸಿ ನಿಲ್ಲಿಸಿದ್ದರು. ಸರಿಸಿದ್ದು ಸರಿಯಾಗಿ ಮೂರನೆಯವರ ಮೂಗಿನ ನೇರಕ್ಕೆ. ಎರಡು ಸಂಜೆ, ಮತ್ತೆ ಮೂರನೆಯ ಸಂಜೆ, ಆ ಕೋಪಿಷ್ಠ ದೇವರು ಅಧ್ಯಕ್ಷನ ಹೆಸರನ್ನು ಓದುತ್ತ ಕೂತಿದ್ದರು. ಕುದುರೆ ಕಂಬದ ಹಿಂದೆ ಹೋಗಿ ಹಿಂದಿನಿಂದ ಬರುವುದು, ಕೊಲೆಗಾರ ಕಂಬದ ಹಿಂದೆ ಕೊಂದು ಈ ಕಡೆ ಕೈ ತೊಳೆಯುವುದು, ಇಷ್ಟೇ ಅವರಿಗೆ ಕಂಡದ್ದು. ಯಾರೂ ಸುಳ್ಳು ಹೇಳಿರಲಿಲ್ಲ. ಚಿತ್ರ ಕಾಣಿಸುತ್ತಿಲ್ಲವೇ ಎಂದು ಇವರು ಕೇಳಿದ್ದರು, ಕಾಣಿಸುತ್ತಿಲ್ಲ ಎಂದು ದೇವರು ಹೇಳಿದ್ದರು.

ಅಧ್ಯಕ್ಷ ಅಷ್ಟು ಸುಲಭಕ್ಕೆ ಬಿಡಲಿಲ್ಲ. ತಾನೇ ಬಿಲ್ಲೆ ಹಿಡಿದು ಕೇಳಿದ. ಪರದೆಯನ್ನು ಒಂದು ಬದಿಗೆ ಸರಿಸಿದರೆ ಆದೀತೇ? ಉಹೂಂ. ತಮ್ಮನ್ನು ಪೀಠದಲ್ಲಿ ಒಂದು ಮೊಳ ಈಚೆಗೆ ಕೂರಿಸಿದರೆ? ಬಿಲ್ಲೆಗಳು ಉರುಳಾಡಿ ಎರಡೂ ಅಂಗಾತ ಬಿದ್ದು, ಅಲ್ಲಾಡುತ್ತ, ಎಷ್ಟೋ ಹೊತ್ತು ನಕ್ಕವು. ಕಂಬದ ಮೇಲಿನ ಹೆಸರು ಅಳಿಸಿದರೆ ಸಾಕೇ? ಉಹೂಂ. ಇನ್ನು ಒಂದೇ ಪ್ರಶ್ನೆ ಉಳಿದಿತ್ತು. ಅದನ್ನು ಅವನು ಜೋರಾಗಿ ಹೇಳಲಿಲ್ಲ, ತುಟಿ ಅಲ್ಲಾಡಿಸಿದ ಅಷ್ಟೆ.

ಮೊದಲ ಸಲ ಹೂಂ. ಎರಡನೆಯ ಸಲ ಹೂಂ. ಮೂರನೆಯ ಸಲ ಬಿಲ್ಲೆಗಳನ್ನು ಎದೆಗೆ ಒತ್ತಿಕೊಂಡು ಅವನು ನಿಂತೇ ಇದ್ದ. ಆತೋ ಅಕ್ಕ, ಬಿಡಿ ಅಧ್ಯಕ್ಷರೇ, ನಮ್ಮೆಜಮಾನರೂ ಹೀಗೇ ಹಿಡ್ಕೊಂಡೇ ಕಷ್ಟ ಮಾಡ್ಕೊಂಡಿದ್ದು ಎಂದಳು. ಬಿಟ್ಟ. ಒಂದು ಬಿಲ್ಲೆ ಅಲ್ಲೇ ಅಂಗಾತ ಬಿತ್ತು. ಇನ್ನೊಂದು ಅಂಚಿನ ಮೇಲೆ ನಿಂತು ಬಾಗಿಲು ದಾಟಿ ಉರುಳಿಕೊಂಡು ಹೋಗಿ, ಏಳನೆಯ ಕಂಬದ ಬುಡಕ್ಕೆ ತಗುಲಿ, ಬೋರಲು ಮಲಗಿತು.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಬಂದು ಕಂಬ ಕಡಿದ. ಚಾವಣಿ ಕುಸಿದೀತೆಂದು ಎಲ್ಲರೂ ರಸ್ತೆಯ ಆಚೆ ನಿಂತಿದ್ದರು. ಏನೂ ಆಗಲಿಲ್ಲ. ಕಂಬ ಚಾವಣಿಯನ್ನು ಹೊತ್ತಿರಲೇ ಇಲ್ಲ, ಹೆಸರೊಂದನ್ನೇ ಹೊತ್ತಿತ್ತು. ಅಧ್ಯಕ್ಷ ಅದನ್ನು ಗಾಡಿಯಲ್ಲಿ ಹಾಕಿಸಿಕೊಂಡು ಮನೆಯ ಮುಂದೆ ಮಲಗಿಸಿದ. ಈಗ ಅದರ ಮೇಲೆ ಸಂಜೆ ಹೊತ್ತು ಮುದುಕರು ಕೂತು ಹರಟುತ್ತಾರೆ. ಹೆಸರಿನ ಮೇಲೆ ಕೂರುವುದಕ್ಕೆ ಮೊದಮೊದಲು ಸಂಕೋಚಪಟ್ಟರು, ಆಮೇಲೆ ರೂಢಿಯಾಯಿತು.

ಕಂಬ ಹೋದ ಸಂಜೆ ಪರದೆ ಕಟ್ಟಿ ತೋರಿಸಿದ. ಬೆಳಿಗ್ಗೆ ಕೇಳಿದರೆ ಮೂರಕ್ಕೆ ಮೂರೂ ಹೂಂ. ಇಪ್ಪತ್ತಾರು ಸಿನಿಮಾ ತಿಯಾಂಸಿಂಗನಿಗೇ ಉಳಿದವು. ಪಕ್ಕದ ಮೂರು ಗುಡಿಯವರು ಅವತ್ತೇ ಬಂದು ಅವನನ್ನು ಕೇಳಿದರು. ದೇವರು ಅವನಿಗಾಗಿ ಕಂಬ ಕಡಿಸಿದರು ಎಂದು ಸುದ್ದಿ ಹಬ್ಬಿತ್ತು. ಅವನು ಅದನ್ನು ತಿದ್ದಲು ಹೋಗಲಿಲ್ಲ.

ಕಾರ್ಡು ಕೂರಿಸಿದ ಏಳನೆಯ ದಿನ ಪೇಶಾನ್ ಹಲ್ಲಿಯ ಮೊಟ್ಟೆ ಒಡೆದ ಸುದ್ದಿ ಹೇಳಲು ಬಂದಳು. ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತು, ಮಾತು ಕೊಟ್ಟಿದ್ದಳಲ್ಲ, ಅದನ್ನು ಎತ್ತಿದಳು.

"ಹಾಗೆ ನೋಡಿದ್ರೆ ಕಾರ್ಡೂ ಬೇಕಿರಲಿಲ್ಲ, ಮೆಮೊರೀನೂ ಬೇಕಿರಲಿಲ್ಲ. ಕಂಬ ಒಂದೇ ತೊಂದರೆ. ವಾಪಸ್ ಕೊಡೋದಿದ್ರೆ ಇವತ್ತೇ ಕೊನೆ ದಿನ ದೊಡ್ಡಪ್ಪ. ಬೇಕಾದ್ರೆ ದೇವರನ್ನ ಕೇಳಿ ನೋಡಿ."

ತಿಯಾಂಸಿಂಗ್ ಜೇಬಿಗೆ ಕೈಹಾಕಿ ಬಿಲ್ಲೆ ಮುಟ್ಟಿದ. ಗುಡಿಯ ಕಡೆ ನೋಡಿದ. ಮೂರನೆಯ ಓಂಗ್ಯಾ ಕಣ್ಣು ಬಿಟ್ಟುಕೊಂಡು ಇವನನ್ನೇ ನೋಡುತ್ತಿದ್ದರು, ಈಗ ನಡುವೆ ಏನೂ ಇರಲಿಲ್ಲ. ಅವನು ಜೇಬಿನಿಂದ ಖಾಲಿ ಕೈ ತೆಗೆದು ಗುಂಡಿ ಹಾಕಿಕೊಂಡ.

"ಎಲ್ಲಾನೂ ಅವರನ್ನೇ ಕೇಳ್ತಾ ಕೂತ್ರೆ ಅವರಿಗೂ ಬೇಜಾರಾಗುತ್ತೆ ತಾಯಿ," ಎಂದ.

ಅವತ್ತು ಸಂಜೆ ಕತ್ತಿವೀರನ ಸಿನಿಮಾ ಇತ್ತು. ತಿಯಾಂಸಿಂಗ್ ಲಾರಿಯ ಮಗ್ಗುಲಿನಿಂದ ತನ್ನ ಕುರ್ಚಿ ಎತ್ತಿಕೊಂಡು ಪರದೆಯ ಮುಂದಕ್ಕೆ ತಂದ. ಗುಡಿಯ ಕಡೆ ತಿರುಗಿ ನೋಡಿ, ಕುರ್ಚಿಯನ್ನು ಒಂದು ಮೊಳ ಬಲಕ್ಕೆ ಸರಿಸಿ, ಮತ್ತೆ ನೋಡಿ, ಇನ್ನೂ ಅರ್ಧ ಮೊಳ ಸರಿಸಿ ಕೂತ. ಸಿಯುಕಿಮ್ ಕೂಡ ಬಂದಿದ್ದಳು, ಬೇಯಿಸಿದ ಶೇಂಗಾ ತಂದಿದ್ದಳು. ಕುದುರೆ ಬಂದಾಗ ನಾಯಿ ಬೊಗಳಿತು. ವೀರ ಶಪಥ ಮಾಡಿ ಕತ್ತಿ ಎತ್ತಿದ, ತೋಳು ಜಾರಿತು. ಸಿಯುಕಿಮ್ ಶೇಂಗಾ ಸುಲಿಯುತ್ತಿದ್ದ ಕೈ ನಿಲ್ಲಿಸಿ, ಅದು ಗಡಿಯಾರ ಅಲ್ವಾ ಎಂದಳು. ತಿಯಾಂಸಿಂಗ್ ಮೆಲ್ಲಗೆ ಮಾತಾಡು ಎಂದು ಸನ್ನೆ ಮಾಡಿ, ಅವಳ ಕಿವಿಯ ಹತ್ತಿರ ಬಾಗಿ, ಹೂಂ, ಗಂಟೆ ನಾಲ್ಕೂ ಹತ್ತು ಎಂದ.